ಆರು ಸೆಕೆಂಡಿನ ಯುದ್ಧ

ತಲೆ ನರೆತ ನಾಲ್ವರು ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ಕೂತು ರಾಕ್ಷಸರ ಜೊತೆ ಕಾದಾಡತೊಡಗಿದರೆ ನಗೆಪಾಟಲಾಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಆಟ ಇಷ್ಟೆ: ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ವೀರರಾಗಬೇಕು, ಕತ್ತಿ ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಅರಸೀಕೆರೆಯ ನಮ್ಮ ಮನೆಯಲ್ಲಿ ಆರು ವರ್ಷ ಕಥೆ ಹೇಳಿದವರು ರೈಲ್ವೆ ಟಿಕೆಟ್ ಕೌಂಟರಿನ ಅಕ್ಕ. ಯಾರಿಗೂ ಸ್ವಂತ ಅಕ್ಕ ಅಲ್ಲ, ಎಲ್ಲರಿಗೂ ಅಕ್ಕ. ಅವರಿಗೆ ವಿಜಯಪುರಕ್ಕೆ ವರ್ಗವಾದ ತಿಂಗಳೇ ಆಟದ ಹೊಸ ಆವೃತ್ತಿಯ ದಪ್ಪ ಪುಸ್ತಕ ಬಂತು. ಅದನ್ನು ನನ್ನ ಕೈಗಿಟ್ಟು, "ಇನ್ಮೇಲೆ ಕಥೆ ನೀನು ಹೇಳೋ. ನಾನು ಬಂದಾಗ ಸುಮ್ನೆ ಆಡ್ತೀನಿ" ಅಂದರು. ಅವರು ಬರುವವರೆಗೆ ಆಟ ನಿಲ್ಲಬಾರದು, ನಿಂತರೆ ಅವರು ಬರುವುದೂ ನಿಂತೀತು ಎಂಬ ಭಯ ಅವತ್ತೇ ಹೊಕ್ಕಿತು.

ಹಾಜರಿ

ಹೊಸ ನಿಯಮದ ಪ್ರಕಾರ ಯುದ್ಧ ಶುರುವಾಗುವ ಮುಂಚೆ ಯಾರ ಸರದಿ ಮೊದಲು, ಯಾರದು ಆಮೇಲೆ ಎಂದು ಪಟ್ಟಿ ಮಾಡಬೇಕು. ನಾನು ಜಾವಗಲ್ಲಿನಲ್ಲಿ ಗಣಿತದ ಮೇಷ್ಟ್ರು. ಪಟ್ಟಿ ಕೈಗೆ ಬಂದದ್ದೇ ತಡ, ಅಭ್ಯಾಸಬಲದಿಂದ ಹಾಜರಿ ಕೂಗಿಬಿಟ್ಟೆ. ಇಬ್ಬರು "ಎಸ್ ಸಾರ್" ಅಂದರು. "ರಾಕ್ಷಸ" ಅಂದೆ. ಇನ್ನೊಮ್ಮೆ ಕೂಗಿದೆ.

ಗಂಡಸಿಯ ದನದ ಆಸ್ಪತ್ರೆಯ ಕಾಂಪೌಂಡರು ಎದ್ದು ನಿಂತು, "ಅವ್ನ್ ಬಂದಿಲ್ಲ ಸಾರ್, ಜ್ವರ ಐತಂತೆ" ಅಂದರು.

ಮೂಗು

ಹೊಡೆತವನ್ನು ಮೊದಲು ವರ್ಣಿಸಿ, ಆಮೇಲೆ ದಾಳ ಉರುಳಿಸಬೇಕು ಎಂಬುದು ಇನ್ನೊಂದು ನಿಯಮ. ನಮ್ಮಲ್ಲೊಬ್ಬ ಹಳೇಬೀಡಿನ ಗೈಡು. ಅವನ ಬಾಯಿಗೆ ವರ್ಣನೆ ಕೊಟ್ಟರೆ ಕೇಳಬೇಕೆ? "ರಾಕ್ಷಸನ ಎಡಗಾಲು ಗಮನಿಸಿ. ಕಿವಿಯೋಲೆ ನೋಡಿ. ಈಗ ಸ್ವಲ್ಪ ಈ ಕಡೆ ಬನ್ನಿ" ಅಂದಾಗ ನಾನೂ ಕಾಂಪೌಂಡರೂ ಎದ್ದು ನಿಜವಾಗಿಯೂ ಆ ಕಡೆ ಹೋದೆವು. ಇಪ್ಪತ್ತು ನಿಮಿಷದ ಮೇಲೆ ಕತ್ತಿ ಎತ್ತಿ ರಾಕ್ಷಸನ ಮೂಗಿಗೆ ಗುರಿಯಿಟ್ಟ. ದಾಳ ಬಿದ್ದದ್ದು ಎರಡು. ಏಟು ತಾಗಲಿಲ್ಲ.

ಅವನು ಕಿಂಚಿತ್ತೂ ಅಳುಕಲಿಲ್ಲ. "ಮೂಗು ಮೊದಲೇ ಮುರಿದಿತ್ತು ಅಂತ ಬರ್ಕೊಳಿ ಸಾರ್. ನಮ್ಮಲ್ಲಿ ಎಲ್ಲಾ ಮೂರ್ತಿಗೂ ಹಂಗೇ."

ಅಕ್ಕ ಇದ್ದಿದ್ದರೆ ಎಷ್ಟು ನಗುತ್ತಿದ್ದರು. ಆ ಸಂಜೆ ಫೋನ್ ಮಾಡಿ ಹೇಳಿದೆ, ನಕ್ಕರು. ಆದರೆ ಎದುರಿಗೆ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುವ ನಗು ಫೋನಿನಲ್ಲಿ ಎಲ್ಲಿ ಕಾಣುತ್ತದೆ?

ಚಿಕಿತ್ಸೆ

ಗಾಯಗೊಂಡವರಿಗೆ ಯುದ್ಧದ ನಡುವೆಯೇ ಔಷಧಿ ಹಾಕಬಹುದು. ನಮ್ಮವರಿಗೆ ಮಾತ್ರ ಎಂದು ಪುಸ್ತಕದಲ್ಲಿ ಬರೆದಿಲ್ಲ. ಕಾಂಪೌಂಡರಿಗೆ ಅಷ್ಟೇ ಸಾಕಾಯಿತು. ಶತ್ರುವಿನ ಕುದುರೆ ಕುಸಿದದ್ದೇ ತಡ, ಕತ್ತಿ ಬಿಸಾಕಿ ಅದರ ಪಕ್ಕ ಕೂತರು. "ನಾಲಿಗೆ ತೋರ್ಸು. ಮೇವು ತಿಂತಾ?" ಎಂದು ನನ್ನನ್ನೇ ಕೇಳಿದರು. ತಿಂದಿದೆ ಅಂದೆ. ಔಷಧಿ ಹತ್ತಿತು, ಕುದುರೆ ಎದ್ದಿತು, ಎದ್ದದ್ದೇ ಅವರ ವೀರನ ಎದೆಗೆ ಒದ್ದು ಕೊಂದಿತು.

"ಒದೆಯೋ ತ್ರಾಣ ಬಂದೈತೆ ಮೇಷ್ಟ್ರೇ. ಇನ್ ಭಯ ಇಲ್ಲ" ಅಂದರು, ತಮ್ಮ ವೀರ ಸತ್ತದ್ದನ್ನು ಮರೆತು.

ಸರದಿ

ಯುಗಾದಿಗೆ ಅಕ್ಕ ಬಂದರು. ಗುಹೆಯ ಬಾಗಿಲಲ್ಲಿ ರಾಕ್ಷಸನೆದುರು ಕತ್ತಿ ಎತ್ತುವ ಹೊತ್ತಿಗೆ ಸಂಜೆ ರೈಲಿನ ಸಮಯವಾಯಿತು. "ನನ್ನ ಸರದಿ ಕಾಯ್ದಿಡು ಕಣೋ, ಬಂದು ಹೊಡೀತೀನಿ" ಎಂದು ಚೀಲ ಹಿಡಿದು ಹೊರಟರು.

ಹೊಸ ನಿಯಮದಲ್ಲಿ ಸರದಿಯನ್ನು ಹಾಗೆ ಕಾಯ್ದಿಡಬಹುದು. ಆದರೆ ಎಲ್ಲರದೂ ಒಂದೊಂದು ಸರದಿ ಮುಗಿದು ಸುತ್ತು ಕೊನೆಯಾದರೆ ಅದು ರದ್ದಾಗುತ್ತದೆ. ಹಾಗಾಗಿ ನಾವು ಸುತ್ತನ್ನೇ ಮುಗಿಸಲಿಲ್ಲ. ಪುಸ್ತಕದ ಪ್ರಕಾರ ಒಂದು ಸುತ್ತು ಅಂದರೆ ಆರು ಸೆಕೆಂಡು. ನಾವು ಅದನ್ನು ನಾಲ್ಕು ತಿಂಗಳು ಎಳೆದೆವು. ಪ್ರತಿ ಭಾನುವಾರ ಗೈಡು ರಾಕ್ಷಸನ ಒಂದೊಂದು ಒಡವೆ ವರ್ಣಿಸುತ್ತಿದ್ದ, ನಾವು ಖಾಲಿ ಕುರ್ಚಿ ನೋಡುತ್ತ ಕೇಳುತ್ತಿದ್ದೆವು. ರಾಕ್ಷಸನನ್ನು ಕೊಲ್ಲುವ ಆಸೆ ಯಾರಿಗೂ ಇರಲಿಲ್ಲ, ಅಕ್ಕ ಬರಬೇಕಿತ್ತು.

ಶ್ರಾವಣದಲ್ಲಿ ಬಂದರು. ಕಾಫಿ ಕೂಡ ಕುಡಿಯದೆ ದಾಳ ಉರುಳಿಸಿದರು. ಇಪ್ಪತ್ತು ಬಿತ್ತು, ಅದಕ್ಕಿಂತ ದೊಡ್ಡದಿಲ್ಲ. ರಾಕ್ಷಸ ಒಂದೇ ಏಟಿಗೆ ಸತ್ತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಯ್ದಿಟ್ಟದ್ದು ಮುಗಿದುಹೋಯಿತು, ಇನ್ನು ಯಾವ ನೆಪ ಹೇಳಿ ಇವರನ್ನು ಕರೆಯೋದು ಎಂದುಕೊಂಡೆ.

ಅಕ್ಕ ನಮ್ಮ ಮುಖಗಳನ್ನೇ ನೋಡಿದರು. ಪುಸ್ತಕ ಎಳೆದುಕೊಂಡು ಹಾಳೆ ತಿರುವಿದರು.

"ಈ ಸುತ್ತಲ್ಲಿ ರಾಕ್ಷಸನ ಸರದಿ ಆಯ್ತೇನೋ?"

"ಇಲ್ಲ ಅಕ್ಕ. ಆದ್ರೆ ಅವನು ಸತ್ನಲ್ಲ."

"ಸತ್ರೆ ಸರದಿ ಹೋಗುತ್ತೆ ಅಂತ ಎಲ್ಲಿ ಬರ್ದಿದೆ, ತೋರ್ಸು."

ಮೂವರೂ ಹುಡುಕಿದೆವು. ಎಲ್ಲೂ ಬರೆದಿರಲಿಲ್ಲ.

"ಹಾಗಾದ್ರೆ ಸುತ್ತು ಇನ್ನೂ ಮುಗಿದಿಲ್ಲ" ಎಂದು ಪುಸ್ತಕ ಮುಚ್ಚಿ ಕಾಫಿ ಲೋಟ ಎತ್ತಿಕೊಂಡರು. "ಅವನನ್ನ ಅವಸರ ಮಾಡ್ಬೇಡಿ. ಏನ್ ಮಾಡ್ಲಿ ಅಂತ ನಿಧಾನಕ್ಕೆ ಯೋಚಿಸ್ಲಿ, ಪಾಪ. ಗೌರಿ ಹಬ್ಬಕ್ಕೆ ಬಂದು ಕೇಳ್ತೀನಿ."