ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಬಸಳೆ

ಹೊಟ್ಟೆಗೆ ಹೋದದ್ದು ಹೊಟ್ಟೆಯ ಗುಟ್ಟಾಗಿಯೇ ಉಳಿಯುತ್ತದೆ ಎಂದು ನಂಬಿ ಐವತ್ತೆರಡು ವರ್ಷ ಬದುಕಿದವನು ನಾನು. “ಉಂಡದ್ದು ಊರಿಗೆ ಗೊತ್ತಾಗಬಾರದು” ಎಂದು ನಮ್ಮಜ್ಜಿ ನನ್ನ ಗಲ್ಲಕ್ಕಂಟಿದ ಬೆಲ್ಲ ಒರೆಸುತ್ತಾ ಹೇಳುತ್ತಿದ್ದಳು. ಆ ನಂಬಿಕೆ ಮುರಿದದ್ದು ದುಬೈಯಲ್ಲಿ, ಆಫೀಸಿನ ಕುರ್ಚಿಗೆ ಅಂಟಿ ಕೂತೂ ಕೂತೂ ನನ್ನ ಎಡಗಾಲಲ್ಲಿ ರಕ್ತ ಹೆಪ್ಪುಗಟ್ಟಿದ ವರ್ಷ. ಊದ್ ಮೇಥಾದ ಕ್ಲಿನಿಕ್ಕಿನ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು, ಎರಡು ವಾರಕ್ಕೊಮ್ಮೆ ಪರೀಕ್ಷೆಗೆ ಬರಹೇಳಿದರು. ಪರೀಕ್ಷೆಯ ಅಂಕೆ ಎರಡು ಮೂರರ ನಡುವೆ ಇರಬೇಕು. ಇಳಿದರೆ ರಕ್ತ ಮತ್ತೆ ಹೆಪ್ಪುಗಟ್ಟೀತು, ಏರಿದರೆ ಎಲ್ಲೆಂದರಲ್ಲಿ ಸೋರೀತು. “ಸಾಲಾಗಿ ಮೂರು ಸಲ ಸರಿ ಬಂದ್ರೆ ಮಾತ್ರ ನಿಮ್ಮನ್ನು ಊರಿಗೆ ಬಿಡುವುದು” ಎಂದರು. ನನಗೆ ಬೇಕಾದದ್ದು ಅದೊಂದೇ. ಕುಂದಾಪುರದ ಅಕ್ಕನ ಮನೆಯ ಮೆಟ್ಟಿಲು ತುಳಿಯದೆ ಎರಡು ವರ್ಷವಾಗಿತ್ತು.

ಮೊದಲ ಸಲ ಪಾಸು. ಎರಡನೆಯ ಸಲ ಅಂಕೆ ಕುಸಿದಿತ್ತು. ಡಾಕ್ಟರು ಕಾಸರಗೋಡಿನವರು. ಕಾಗದ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಊರಿಂದ ಯಾರು ಬಂದದ್ದು?”

“ಯಾರೂ ಇಲ್ಲ ಡಾಕ್ಟ್ರೇ.”

“ಬಸಳೆಯಾ, ಹರಿವೆಯಾ?”

ನನ್ನ ತಲೆ ತಗ್ಗಿತು. ಅಲ್ ನಹ್ದಾದ ನಮ್ಮ ಪಕ್ಕದ ಫ್ಲ್ಯಾಟಿನ ಭಟ್ಕಳದ ಸಾಹೇಬರು ಹಿಂದಿನ ವಾರವಷ್ಟೇ ಊರಿಂದ ಮರಳಿದ್ದರು. ಅವರ ಪೆಟ್ಟಿಗೆಯಲ್ಲಿ, ಒದ್ದೆ ಪೇಪರಿನಲ್ಲಿ ಸುತ್ತಿ ಅಕ್ಕ ಕಳಿಸಿದ ಒಂದು ಹೊರೆ ಬಸಳೆ! ಅನ್ನಕ್ಕೆ ಒಣಸಿಗಡಿ ಹಾಕಿದ ಪದಾರ್ಥ, ಮೂರು ದಿನ, ಮೂರು ಹೊತ್ತು. “ಸೊಪ್ಪಿನ ವಿಟಮಿನ್ ಹಿಡ್ಕೊಂಡು ನಿಮ್ಮ ಲಿವರ್ ರಕ್ತ ಹೆಪ್ಪುಗಟ್ಟಿಸುವ ಸಾಮಾನು ತಯಾರಿಸ್ತದೆ. ಅದನ್ನು ತಡೀಲಿಕ್ಕೆ ಮಾತ್ರೆ ಬಾಗಿಲಲ್ಲಿ ಕೂತಿದೆ. ನೀವು ಹಿಂಬಾಗಿಲಿಂದ ಹೊರೆಗಟ್ಲೆ ಒಳಗೆ ಬಿಟ್ರೆ ಅದಾದ್ರೂ ಎಂತ ಮಾಡ್ಬೇಕು?” ಎಂದರು ಡಾಕ್ಟರು.

ಅಂದಿನಿಂದ ಸೊಪ್ಪಿಗೇ ಖಲಾಸ್ ಹೇಳಿದೆ. ಆದರೆ ನನ್ನವಳು ಉಳಿದ ದಂಟುಗಳನ್ನು ಖಾಲಿ ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ಊರಿದ್ದಳು. ಮರಳುಗಾಳಿಗೂ ಜಗ್ಗದೆ ಬಳ್ಳಿ ಬಾಲ್ಕನಿಯ ಸರಳು ಹತ್ತಿತು. ನಾನು ಚಹಾ ಹಿಡಿದು ಅದರೆದುರು ಕೂರುತ್ತಿದ್ದೆ. “ಹಾಗೆ ನೋಡ್ಬೇಡಿ ಮಾರಾಯ್ರೆ, ನೋಡಿದ್ದಕ್ಕೂ ಅಂಕೆ ಇಳಿದೀತು” ಎನ್ನುತ್ತಿದ್ದಳು. ಇಳಿಯಲಿಲ್ಲ, ಏರಿತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಡಾಕ್ಟರು ತಲೆ ಚಚ್ಚಿಕೊಂಡರು. “ಪೂರಾ ಬಿಡಿ ಅಂದದ್ದು ಯಾರು? ದಿನಾ ಒಂದೇ ಅಳತೆ, ನಾಲ್ಕೇ ಎಲೆ ತಿನ್ನಿ. ಮಾತ್ರೆಯನ್ನು ನಾನು ಅದಕ್ಕೆ ಹೊಂದಿಸ್ತೇನೆ. ಮಾತ್ರೆಗೆ ಬೇಕಾದದ್ದು ನಿಮ್ಮ ವ್ರತ ಅಲ್ಲ, ರೂಢಿ.”

ಬಂದರೆ ಹೊರೆ, ಇಲ್ಲದಿದ್ದರೆ ಬರೀ ನೆನಪು: ಪರದೇಶದಲ್ಲಿ ನಾನು ಊರನ್ನು ಉಣ್ಣುತ್ತಿದ್ದ ಕ್ರಮವೇ ಇದು. ಈಗ ಬಾಲ್ಕನಿಯಿಂದ ದಿನಕ್ಕೆ ನಾಲ್ಕು ಎಲೆ ಕಿತ್ತು ಉಂಡೆ. ಅಂಕೆ ಸಾಲಾಗಿ ಮೂರು ಸಲ ಸರಿ ಬಂತು. ಟಿಕೆಟ್ ಮಾಡಿಸಿ ಅಕ್ಕನಿಗೆ ತಿಳಿಸಿದೆ. ವಾಟ್ಸಾಪಿನಲ್ಲಿ ಅವಳ ದನಿ ಬಂತು: “ನಾಲ್ಕ್ ಎಲಿ ಅಂದ್ರ್ ಎಂತ ಮಾರಾಯಾ? ನಮ್ಮನಿ ಕರು ಸೈತ ಅಷ್ಟಕ್ಕ್ ಬಾಯಿ ತೆರುದಿಲ್ಲ. ನೀನ್ ಒಂದ್ ಬಾ, ಮತ್ ಕಾಂಬ!” ಅಕ್ಕ ಬಡಿಸಲು ಬಂದರೆ ‘ಸಾಕು’ ಎಂಬ ಮಾತಿಗೆ ಬೆಲೆಯಿಲ್ಲ. ನಾನು ಒಳಗೊಳಗೇ ಡಾಕ್ಟರಿಗೆ ಕ್ಷಮೆ ಕೇಳಿಕೊಂಡು ವಿಮಾನ ಹತ್ತಿದೆ.

ದೊಡ್ಡ ಮಣ್ಣಿನ ಪಾತ್ರೆ ತುಂಬ ಪದಾರ್ಥ. ಅಕ್ಕ ಎದುರು ಕುಳಿತಳು, ಸೌಟಿನ ತುದಿಯಿಂದ ಎಲೆಗಳನ್ನು ಬಿಡಿಸಿದಳು. “ಒಂದ್... ಎರಡ್... ಮೂರ್... ನಾಲ್ಕ್.” ಜನ್ಮದಲ್ಲಿ ಒಂದು ದೋಸೆಯನ್ನೂ ಎಣಿಸಿ ಹಾಕದವಳು! “ಇನ್ನೊಂದು, ಅಕ್ಕಾ” ಎಂದೆ. “ಸುಮ್ನ್ ಉಣ್ಣ್ ಮಾರಾಯಾ. ಕಾಲ್ ಸಮ ಇದ್ರ್ ಅಲ್ದಾ ನೀನ್ ಮುಂದಿನ್ ವರ್ಷ ಬಪ್ಪುದ್?” ಹದಿನೈದು ದಿನವೂ ಹೀಗೇ ಎಣಿಕೆ.

ಮರಳಿ ಬಂದು ರಕ್ತ ಕೊಟ್ಟೆ. ಎರಡೂವರೆ. ಡಾಕ್ಟರು ನನ್ನ ಬೆನ್ನು ತಟ್ಟಿ, “ಭೇಷ್! ಊರಿಗೆ ಹೋಗ್ಲೇ ಇಲ್ಲ ಅಲ್ವಾ?” ಎಂದರು. ಹೋಗಿದ್ದೆ ಎಂದರೆ ನಂಬಲಿಲ್ಲ. ಒಂದು ಹೊರೆ ಸೊಪ್ಪು ಬಂದದ್ದಕ್ಕೇ ಸಾಕ್ಷಿ ಹೇಳಿದ್ದ ಈ ರಕ್ತ, ನಾನೇ ಹೋಗಿ ಬಂದದ್ದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಪಾಸಾದ ಕಾಗದ ಹಿಡಿದು, ಫೇಲಾದವನ ಮುಖ ಹೊತ್ತು ಆ ಕ್ಲಿನಿಕ್ಕಿನಿಂದ ಹೊರಬಂದ ರೋಗಿ ನಾನೊಬ್ಬನೇ ಇರಬೇಕು.