ಸರ್ಕಾರದ ತಪ್ಪು ಹುಡುಕುವ ನನ್ನ ಭಾವಮೈದ

ಸರ್ಕಾರ ಇವತ್ತಾದರೂ ಒಂದು ತಪ್ಪು ಮಾಡಿರಲಪ್ಪಾ ಎಂದು ಬೆಳಗೆದ್ದು ದೇವರಿಗೆ ಕೈಮುಗಿಯುವ ಪ್ರಜೆ ನಮ್ಮ ದೇಶದಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಹೆಂಡತಿಯ ತಮ್ಮ! ರಾಜಕೀಯದವನಲ್ಲ, ಹಾರನಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾನೆ. ಅವನಿಗೆ ಬೇಕಾದದ್ದು ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲಿ ಆದ ತಪ್ಪು. ಮುದ್ರೆ ಪಕ್ಕಕ್ಕೆ ಜಾರಿದ ಒಂದು ರೂಪಾಯಿ, ಒಂದು ಮುಖ ಬೋಳಾಗಿಯೇ ಉಳಿದ ಎರಡು ರೂಪಾಯಿ, ಹೀಗೆ. ನಾವು ನೀವು ಕೈಗೆ ಬಂದ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಳ್ಳುತ್ತೇವೆ. ಅವನು ಮೊದಲು ಅದರ ಜಾತಕ ನೋಡುತ್ತಾನೆ.

ಊರಿಗೆಲ್ಲ ಸ್ಕ್ಯಾನ್ ಮಾಡುವ ಸ್ಟಿಕ್ಕರ್ ಬಂದಾಗ ಅವನ ಮಿಲ್ಲಿಗೂ ಬಂತು. ಮೂರೇ ದಿನಕ್ಕೆ ಕಿತ್ತುಹಾಕಿದ. "ಫೋನಲ್ಲಿ ಬರೋ ದುಡ್ಡಲ್ಲಿ ಏನ್ ನೋಡಾದು ಬಾವ? ಅದ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ" ಅಂದ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂದು ನಮ್ಮ ಕಡೆಯ ಅಂಗಡಿಯವರು ಹಟ ಹಿಡಿದಿದ್ದಾಗ, ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗಿನ ಅಂಥ ನಾಣ್ಯಗಳೆಲ್ಲ ರಾಗಿ ಬೀಸಿಸುವ ನೆಪದಲ್ಲಿ ಇವನ ಗಲ್ಲಾಪೆಟ್ಟಿಗೆಗೆ ಬಂದು ಬಿದ್ದವು. ಕೆಲವರು ರಾಗಿಯನ್ನೇ ತರುತ್ತಿರಲಿಲ್ಲ!

ಒಮ್ಮೆ ಚುಂಚನಕಟ್ಟೆಯ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಬಂತು. ನಾವೆಲ್ಲ ಆರತಿಯನ್ನು ಕಣ್ಣಿಗೊತ್ತಿಕೊಂಡರೆ ಇವನು ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ತಟ್ಟೆಗೆ ಬಗ್ಗಿದ. ಮೀಸೆಯ ತುದಿ ಚುರ್ರೆಂದಿತು.

"ತಟ್ಟೆಗೆ ಹಾಕೋರನ್ನ ನೋಡಿದ್ದೀನಿ, ಹಾಕದೆ ಹೋಗೋರನ್ನೂ ನೋಡಿದ್ದೀನಿ. ತಟ್ಟೇಲಿ ಹುಡುಕೋರನ್ನ ಇವತ್ತೇ ನೋಡಿದ್ದು ಕಣ್ರೀ!" ಎಂದರು ಅರ್ಚಕರು.

"ಸುಮ್ನೆ ತಗಳಲ್ಲ ಸ್ವಾಮಿ, ಬದಲಾಯಿಸ್ಕತೀನಿ. ಈ ಒಂದ್ರುಪಾಯಿಗೆ ನೂರ್ರುಪಾಯಿ ಮಡುಗ್ತೀನಿ."

ಅರ್ಚಕರು ತಟ್ಟೆಯನ್ನು ಇನ್ನಷ್ಟು ಹತ್ತಿರ ಹಿಡಿದರು.

ನನ್ನ ಹೆಂಡತಿಗೂ ಪಾಠವಾಯಿತು. "ಕಾಯಿನ್ ಮೇಲೆ ಗೆರೆ ಕಂಡ್ರೆ ಉಗುರಾಡ್ಸಿ ನೋಡಕ್ಕ. ಉಬ್ಬಿದ್ರೆ ಅಚ್ಚೇ ಸೀಳಿತ್ತು ಅಂತ, ಅದು ಸರ್ಕಾರದ ತಪ್ಪು. ತಗ್ಗಿದ್ರೆ ಯಾರೋ ಗೀರವ್ರೆ, ಅದು ಜನದ ತಪ್ಪು." ಅವಳು ಎರಡೇ ತಿಂಗಳಲ್ಲಿ, ಈ ಕಡೆ ಸಿಂಹ ನೆಟ್ಟಗೆ ನಿಂತರೆ ಆ ಕಡೆ ಅಂಕಿ ತಲೆಕೆಳಗಾಗುವ ಒಂದು ರೂಪಾಯಿಯನ್ನು ಹುಡುಕಿಬಿಟ್ಟಳು! ಆವತ್ತು ಮನೆಯಲ್ಲಿ ನಾಟಿ ಕೋಳಿ ಸಾರು. ಗುರುವಿಗೆ ತೊಡೆ, ನನಗೆ ಕತ್ತು.

ಭೂತಗನ್ನಡಿ ಮುಟ್ಟದವನು ನಾನೊಬ್ಬನೇ. "ಒಂದ್ಸಲ ನೋಡಿ ಬಾವ" ಎಂದು ಅವನು ಚಾಚಿದಾಗಲೆಲ್ಲ, "ಹೋಗ್ಲಾ, ನಿನ್ನ ಹುಚ್ಚು ನಂಗೂ ಅಂಟಿಸ್ಬೇಡ" ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದೆ. ಯಾಕೆ ಎಂದು ಈಗ ಹೇಳಿಬಿಡುತ್ತೇನೆ. ಹೊಗೆಸೊಪ್ಪಿನ ಎಲೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ, ಇದು ಇಂಥ ಗ್ರೇಡು ಎಂದು ಹೇಳುವುದು ನನ್ನ ಕಸುಬು. ಹುಣಸೂರಿನ ಸುತ್ತಿನ ಬೆಳೆಗಾರರು ಹರಾಜಿಗೆಂದು ಎಲೆಯ ಮೂಟೆ, ಅಂದರೆ ಬೇಲು, ಕಟ್ಟುವ ಮುಂಚೆ ನನ್ನನ್ನು ಕರೆಸುತ್ತಿದ್ದರು. ಆ ವರ್ಷ ನನ್ನ ಎರಡೂ ಕಣ್ಣಿಗೆ ಮಂಜು ಕವಿಯತೊಡಗಿತ್ತು. ಹೆಂಡತಿಗೂ ಹೇಳಲಿಲ್ಲ. ಕಣ್ಣು ಹೋಯಿತಂತೆ ಎಂದಾದರೆ ಆಮೇಲೆ ನನ್ನನ್ನು ಕರೆಯುವವರು ಯಾರು? ಎರಡು ತಿಂಗಳು ಎಲೆಯನ್ನು ಮೂಸಿ, ಮುಟ್ಟಿ ಗ್ರೇಡು ಹೇಳಿದೆ. ನಂಬಿದವರಿಗೆ ಮಾಡಿದ ಮೋಸ ಅದು. ಭೂತಗನ್ನಡಿ ಹಿಡಿದರೆ ಬಣ್ಣ ಬಯಲಾಗುತ್ತದಲ್ಲ!

ಅವನ ಬಾಯಿ ಮುಚ್ಚಿಸಲು ಒಂದು ಉಪಾಯ ಹೂಡಿದೆ. ಗೇಟಿಗೆ ಬಳಿದು ಮಿಕ್ಕಿದ್ದ ಬೆಳ್ಳಿ ಬಣ್ಣಕ್ಕೆ ಕಡ್ಡಿ ಅದ್ದಿ ಒಂದು ರೂಪಾಯಿಯ ಮೇಲೆ ಅಡ್ಡಗೆರೆ ಎಳೆದೆ. ಗೆರೆ ಉಬ್ಬಬೇಕಲ್ಲ? ಒಣಗಿದ ಮೇಲೆ ಅದರ ಮೇಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ಮಿಲ್ಲಿಗೆ ಹೋಗಿ, "ಬಸ್ಸಲ್ಲಿ ಸಿಕ್ತು, ನೋಡ್ಲಾ" ಎಂದು ಕೊಟ್ಟೆ. ಅವನು ಕುಣಿಯುತ್ತಾನೆ, ನಾನು ನಗಬೇಕು ಎಂದು ಕಾದೆ. ಅವನು ಕುಣಿಯಲಿಲ್ಲ. ನಾಣ್ಯವನ್ನೂ ನನ್ನ ಮುಖವನ್ನೂ ನೋಡಿದ.

"ಬಾವ, ಇದ್ರಲ್ಲಿ ಎಷ್ಟು ಗೆರೆ ಅವೆ?"

"ಒಂದು ಕಣ್ಲಾ. ಅಷ್ಟೂ ಕಾಣಲ್ವ ನಿಂಗೆ?"

"ಮೂರವೆ ಬಾವ. ಬ್ಯಾರೆ ಬ್ಯಾರೆ. ಬರಿಗಣ್ಣಿಗೇ ಕಾಣ್ತವೆ."

ಮಿಲ್ಲು ನಿಲ್ಲಿಸಿದ. "ಅಯ್ಯೋ, ನನ್ನ ರಾಗಿ ಅರ್ಧ ಒಳಗೈತೆ ಕಣಪ್ಪಾ!" ಎಂದು ಹೆಂಗಸೊಬ್ಬಳು ಕೂಗುತ್ತಿದ್ದಳು. ಇವನು ನನ್ನ ರಟ್ಟೆ ಹಿಡಿದು ಮೈಸೂರಿನ ಬಸ್ಸು ಹತ್ತಿಸಿದ. ಕಂಡಕ್ಟರು ಟಿಕೆಟ್ಟಿನ ಜೊತೆ ಒಂದು ಹಿಡಿ ಚಿಲ್ಲರೆ ಕೊಟ್ಟರು. ಅವನು ಒಂದನ್ನೂ ನೋಡದೆ ಜೇಬಿಗೆ ಹಾಕಿಕೊಂಡ. ಆಗ ನನಗೆ ನಿಜವಾಗಿ ಭಯವಾಯಿತು!

ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ, ಇನ್ನಷ್ಟು ದಿನ ಬಿಟ್ಟಿದ್ದರೆ ದೃಷ್ಟಿ ಉಳಿಯುತ್ತಿರಲಿಲ್ಲ ಎಂದರು ಕಣ್ಣಾಸ್ಪತ್ರೆಯ ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತು ಒಪ್ಪಿಕೊಂಡೆ. "ಆ ಬಣ್ಣ ಬಳ್ದವನು ನಾನೇ ಕಣ್ಲಾ."

"ಗೊತ್ತು ಬುಡಿ ಬಾವ. ಕಣ್ಣಿರೋರು ಅಷ್ಟು ಕೆಟ್ಟದಾಗಿ ಬಳೀತಾರಾ?"

ಊರಿಗೆ ಬಂದ ಮೇಲೆ, ಮೂಸಿ ಗ್ರೇಡು ಹೇಳಿದ್ದ ಮನೆಗಳಿಗೆಲ್ಲ ಹೋಗಿ ನಿಜ ಹೇಳಿದೆ. ಬೈದರು. ಬೈಸಿಕೊಂಡೆ. ಆ ಮನೆಗಳಿಗೂ ಅವನೇ ಜೊತೆಗೆ ಬಂದ.

ಕಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ನು. ಪ್ರತಿ ಸಲವೂ ಮಿಲ್ಲಿಗೆ ಬೀಗ ಹಾಕಿ ಬರುತ್ತಿದ್ದ. ನಾಲ್ಕನೆಯ ತಿಂಗಳು ಪರೀಕ್ಷೆ ಮುಗಿಸಿ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಬಿಸಿಲು ನಿಚ್ಚಳವಾಗಿತ್ತು. ಎದುರಿಗೆ ಅವನು. ನನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಓಡಾಡಿದವನು. ಹುಬ್ಬಿನ ತುಂಬ ಬೆಳ್ಳಗೆ ಹಿಟ್ಟು.

"ಮುಖನಾದ್ರೂ ತೊಳ್ಕಂಡ್ ಬರಬಾರ್ದೇನ್ಲಾ?" ಎಂದು ಟವೆಲಿನ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಅವನು ಕಣ್ಣು ಮುಚ್ಚಿ ಅಲ್ಲಾಡದೆ ನಿಂತಿದ್ದ.

"ನೆನ್ನೆಯಿಂದ ಮಿಲ್ಲು ಓಡ್ಸಿಲ್ಲ ಬಾವ" ಅಂದ ಮೆಲ್ಲಗೆ. "ಅದು ಹಿಟ್ಟಲ್ಲ."

ನಾನು ಒರೆಸುವುದನ್ನು ನಿಲ್ಲಿಸಲಿಲ್ಲ.