ಬೋಗೋಣಿಯ ಮೇಲಿನ ಹೆಸರು

ಒಂದು ವಿಷಯವನ್ನು ಇಪ್ಪತ್ತು ವರ್ಷ ಕಲಿಸಿದವನಿಗೆ ಆ ವಿಷಯ ಬರುತ್ತದೆ ಎಂದು ಜನ ನಂಬುತ್ತಾರೆ. ಅವರಿಗಿಂತ ಮೊದಲು ಅವನೇ ನಂಬಿರುತ್ತಾನೆ. ನಾನು ಹಳಿಯಾಳದ ಕಾಲೇಜೊಂದರಲ್ಲಿ ಡೇಟಾಬೇಸ್ ಕಲಿಸುವ ಮೇಷ್ಟ್ರು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಹೇಗೆ ಜೋಡಿಸಬೇಕು, ಒಂದು ಸಾಲು ಇನ್ನೊಂದರೊಡನೆ ಕಲಸಿಹೋಗದಂತೆ ಪ್ರತಿಯೊಂದಕ್ಕೂ ಪ್ರೈಮರಿ ಕೀ ಎಂಬ ಗುರುತು ಯಾಕೆ ಬೇಕು, ಎರಡು ಕೋಷ್ಟಕಗಳ ನಡುವೆ ಸಂಬಂಧ ಹೇಗೆ ಕಟ್ಟಬೇಕು ಎಂಬುದನ್ನು ಪ್ರತಿ ವರ್ಷ ಅವೇ ಉದಾಹರಣೆ, ಅವೇ ಜೋಕುಗಳೊಂದಿಗೆ ಹೇಳುತ್ತ ಬಂದಿದ್ದೇನೆ. ಮಕ್ಕಳು ಬದಲಾಗುವುದರಿಂದ ಜೋಕು ಬದಲಾಯಿಸುವ ಪ್ರಸಂಗ ಬಂದಿಲ್ಲ. ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಒಮ್ಮೆ ಹೇಳಿಕೊಂಡು ಹೋಗುವುದು ನನ್ನ ರೂಢಿ. ರೊಟ್ಟಿ ಬಡಿಯುತ್ತ ಕೇಳುವುದು ಹೆಂಡತಿ ಶಾಂತಾಳ ಹಣೆಬರಹ. ಕಷ್ಟವೆನಿಸುವುದು ‘ನಲ್’ ಬಂದಾಗ ಮಾತ್ರ. ಕೋಷ್ಟಕದಲ್ಲಿ ಖಾಲಿ ಉಳಿದ ಮನೆಗೆ ಆ ಹೆಸರು. ಖಾಲಿ ಎಂದರೆ ಸೊನ್ನೆಯಲ್ಲ, ಅಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ ಎಂದರ್ಥ, ಎಂದು ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ನೀರಿನ ನಲ್ಲಿಗೆ ನಳ ಎನ್ನುತ್ತಾರೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ನಮ್ಮ ಓಣ್ಯಾಗ ನಳಕ್ಕ ನೀರ ಬರದ ನಾಕ ದಿನಾ ಆತು. ಅದಕ್ಕ ನಲ್ ಅನಬೇಕೋ, ಸೊನ್ನಿ ಅನಬೇಕೋ?” ಎಂದು ಕೇಳಿದಳು. ಅಂದು ತರಗತಿ ಐದು ನಿಮಿಷ ಮೊದಲೇ ಮುಗಿಯಿತು.

ಈ ವಿದ್ಯೆಯನ್ನು ಮನೆಯ ಪಡಸಾಲೆಗೆ ತಂದದ್ದು ನನ್ನ ತಪ್ಪು. ಈ ವರ್ಷ ಮಗಳ ಕುಬಸ ಮಾಡಿದೆವು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಸಡಗರ ಅದು. ನಮ್ಮ ಓಣಿಯಲ್ಲಿ ಇಂಥ ಊಟಕ್ಕೆ ಬಾಡಿಗೆ ಪಾತ್ರೆ ತಂದರೆ ಅಕ್ಕಪಕ್ಕದವರು ಮುಖ ದಪ್ಪ ಮಾಡುತ್ತಾರೆ. ಮನೆಮನೆಯಿಂದ ಬೋಗೋಣಿ, ಪರಾತ, ಕೊಡ, ಸೌಟು ಬಂದು ಸೇರುತ್ತವೆ. ಬಂದವರೆಲ್ಲ ಉಂಡು ಹೋದ ಮೇಲೆ ನಮ್ಮ ಪಡಸಾಲೆಯಲ್ಲಿ ಮೂವತ್ತೊಂದು ಪಾತ್ರೆ ಉಳಿದವು. ಯಾವುದು ಯಾರದು ಎಂಬುದು ಶಾಂತಾಳ ತಲೆಯಲ್ಲಿತ್ತು. ತಳಕ್ಕೆ ಬೆಸುಗೆ ಹಾಕಿದ್ದು ಮೂಲೆಮನೆಯವರದು, ಕಂಠ ಸೊಟ್ಟಗಾದ ಹಿತ್ತಾಳೆ ಬೋಗೋಣಿ ಎದುರುಮನೆಯ ಕಾಶವ್ವನದು, ಹೀಗೆ. ಪೆಟ್ಟು ಬಿದ್ದ ಜಾಗ ನೋಡಿ ಪಾತ್ರೆ ಗುರುತಿಸುವ ಈ ಪದ್ಧತಿ ನನಗೆ ಅಶಾಸ್ತ್ರೀಯವಾಗಿ ಕಂಡಿತು. ಮರುದಿನ ಅವಳು ಮಗಳನ್ನು ಕರೆದುಕೊಂಡು ಎರಡು ದಿನ ತೇರಗಾಂವದ ತವರಿಗೆ ಹೊರಟಳು. ಹೋಗುವಾಗ, “ಪಾತ್ರಿ ಮುಟ್ಟಬ್ಯಾಡ್ರಿ. ನಾ ಬಂದ ಮ್ಯಾಲೆ ಕೊಡತೇನಿ. ಹಂಗ ಖಾಲಿ ಕೊಡಾಕ ಬರೂದಿಲ್ಲ,” ಎಂದಳು. ನಮ್ಮಲ್ಲಿ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ನಾಲ್ಕು ಕಾಳು ಅಕ್ಕಿಯೋ ಒಳಗಿರಬೇಕು. ಇದು ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಿಗೆ ಬರಬೇಕೆಂದೇನೂ ಇಲ್ಲ.

ಅವಳ ಬಸ್ಸು ಹೊರಟ ಅರ್ಧ ತಾಸಿನಲ್ಲಿ ನಾನು ಲ್ಯಾಪ್‌ಟಾಪ್ ತೆಗೆದು ಪಾತ್ರೆಗಳ ಮುಂದೆ ಕುಳಿತೆ. ಪ್ರತಿ ಪಾತ್ರೆಗೂ ಒಂದು ಸಂಖ್ಯೆ, ಅದರ ಜಾತಿ, ಅದರ ಮಾಲಿಕ. ಮೂರೇ ಕಾಲಂ. ಮಾಲಿಕನ ಕಾಲಂ ತುಂಬಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲ ಪಾತ್ರೆಗಳ ಮೇಲೂ ಹೆಸರು ಕೊರೆಸಿತ್ತು. ಕೋಷ್ಟಕ ಹಾಕುವ ಮೊದಲು ಆ ಮಾಹಿತಿಯನ್ನು ಬಳಸುವವರ ಬಳಿ ಕುಳಿತು, ಯಾವ ಮಾತಿಗೆ ಯಾವ ಅರ್ಥ ಎಂದು ಕೇಳಿ ತಿಳಿದುಕೊಳ್ಳಬೇಕು ಎಂಬುದು ನನ್ನ ಮೊದಲನೆಯ ಪಾಠ. ಅದು ಕಲಿಯುವವರಿಗೆ ಇರುವ ಪಾಠವಾದ್ದರಿಂದ ನಾನು ಬಿಟ್ಟೆ. ಓಣಿಯ ಮನೆಗಳಿಗೆ ಪಾತ್ರೆಗಳನ್ನು ನಾನೇ ಹೊತ್ತು ಮುಟ್ಟಿಸಿದೆ. ಕೊನೆಗೆ ಉಳಿದದ್ದು ಆ ಹಿತ್ತಾಳೆ ಬೋಗೋಣಿ. ಕಾಶವ್ವನದು ಎಂದು ಶಾಂತಾ ಹೇಳಿದ್ದು ನೆನಪಿತ್ತು. ಆದರೆ ಅದರ ಮೇಲೆ “ಫಕೀರಪ್ಪ, ಮುಂಡಗೋಡ” ಎಂದು ಸ್ಪಷ್ಟವಾಗಿ ಬರೆದಿತ್ತು. ಹೆಂಡತಿಯ ನೆನಪು ಮತ್ತು ಲಿಖಿತ ದಾಖಲೆ ಇವೆರಡರಲ್ಲಿ ನಾನು ದಾಖಲೆಯನ್ನು ನಂಬಿದೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಪ್ರತಿ ಶನಿವಾರ ಮುಂಡಗೋಡಿಗೆ ಹೋಗುವವರು. ಬೀಜದ ಅಂಗಡಿಯ ಫಕೀರಪ್ಪನನ್ನು ಅವರು ಬಲ್ಲರು. ಬೋಗೋಣಿಯನ್ನು ಫಳಫಳ ಹೊಳೆಯುವಂತೆ ತಿಕ್ಕಿಸಿ ಅವರ ಕೈಗೆ ಕೊಟ್ಟು, “ಹಳಿಯಾಳದಿಂದ ಕಳಿಸ್ಯಾರ ಅಂತ ಹೇಳ್ರಿ, ಸಾಕು,” ಎಂದೆ.

ರವಿವಾರ ಸಂಜೆ ಶಾಂತಾ ಬಂದಳು. ಖಾಲಿ ಪಡಸಾಲೆ ನೋಡಿದಳು.

“ಸೊಟ್ಟ ಕಂಠದ ಬೋಗೋಣಿ ಎಲ್ಲಿ?”

“ಯಾರದೈತಿ ಅವರಿಗೆ ಮುಟ್ಟೈತಿ. ಮುಂಡಗೋಡಕ್ಕ.”

ಚೀಲ ಕೆಳಗಿಟ್ಟು ಅಲ್ಲೇ ಕುಳಿತಳು. “ಅದು ಕಾಶವ್ವನ ಮದುವ್ಯಾಗ ಆಕಿ ತಮ್ಮ ಫಕೀರಪ್ಪ ಆಹೇರ ಮಾಡಿದ್ದು. ಕೊಟ್ಟವರ ಹೆಸರ ಕೊರಸ್ತಾರ, ಇಟಗೊಂಡವರದಲ್ಲ. ಖಾಲಿ ಕಳಿಸಿರೇನು?”

ನಾನು ಲ್ಯಾಪ್‌ಟಾಪ್ ತೆರೆದು ಕೋಷ್ಟಕ ನೋಡಿದೆ. ಅಂಗಡಿಯಿಂದ ಕೊಂಡ ಪಾತ್ರೆಗೆ ಮನೆಯವರ ಹೆಸರು, ಮದುವೆಯಲ್ಲಿ ಬಂದದ್ದಕ್ಕೆ ಕೊಟ್ಟವರ ಹೆಸರು. ಒಂದೇ ಕಾಲಂನಲ್ಲಿ ನಾನು ಎರಡು ಅರ್ಥ ತುಂಬಿದ್ದೆ. ಅಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಎರಡು ವರ್ಷದ ಹಿಂದೆ ನಾಗರಪಂಚಮಿಗೆ ಅಕ್ಕನನ್ನು ಕರೆಯಲು ಫಕೀರಪ್ಪ ಬಂದಿರಲಿಲ್ಲ ಎಂದು ಶಾಂತಾಳಿಂದ ಆಗ ತಿಳಿಯಿತು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಕಾಶವ್ವನಿಗೆ ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ತವರೆಂದರೆ ಆ ತಮ್ಮನೊಬ್ಬನೇ. ಈಗ ಮದುವೆಯ ಬೋಗೋಣಿ ಬರಿದಾಗಿ ಅವನ ಮನೆಬಾಗಿಲಿಗೆ ಹೋಗಿತ್ತು. ಅದರ ಅರ್ಥ ಮಾಡಿಕೊಳ್ಳಲು ಮುಂಡಗೋಡಿನಲ್ಲಿ ಯಾರಿಗೂ ಡೇಟಾಬೇಸ್ ಬರಬೇಕಾಗಿಲ್ಲ.

ಶಾಂತಾ ಎದುರುಮನೆಗೆ ಹೋಗಿ ವಿಷಯ ಹೇಳಿ, ಒಂದು ಫೋನ್ ಮಾಡಲು ಬೇಡಿಕೊಂಡಳು. ಕಾಶವ್ವ, “ಎರಡ ವರ್ಷ ಮಾಡದಾಕಿ ಈಗೂ ಮೊದಲ ನಾ ಮಾಡಂಗಿಲ್ಲ,” ಎಂದು ಬಾಗಿಲು ಮುಂದೆ ಮಾಡಿಕೊಂಡಳಂತೆ. ನಾನೇ ಫೋನ್ ಮಾಡಿ ವಿವರಿಸುತ್ತೇನೆ ಎಂದೆ. “ನೀವ ಇನ್ನ ಏನೂ ವಿವರಸಬ್ಯಾಡ್ರಿ,” ಎಂದಳು ಶಾಂತಾ. ಆಮೇಲೆ, “ನನ್ನ ಮ್ಯಾಲೆ ನಮ್ಮಪ್ಪ ಹೆಸರ ಕೊರಸಿಲ್ಲ, ಚಲೋ ಆತು. ಇಲ್ಲಂದ್ರ ನನ್ನೂ ತೇರಗಾಂವದ ಬಸ್ಸಿಗೆ ಹಾಕ್ತಿದ್ರಿ,” ಎಂದಳು.

ಸೋಮವಾರ ಬೆಳಿಗ್ಗೆ ಮೊದಲನೆಯ ಬಸ್ಸಿಗೇ ಫಕೀರಪ್ಪ ಬಂದ. ಬಗಲಲ್ಲಿ ಬೋಗೋಣಿ, ಅದರ ಬಾಯಿಗೆ ಪಂಚೆಯ ತುಂಡು ಕಟ್ಟಿತ್ತು. ನಾವು ನಮ್ಮ ಕಟ್ಟೆಯ ಮೇಲೆ ನಿಂತಿದ್ದೆವು. ಅವನು ಅಕ್ಕನ ಮನೆಯ ಹೊಸ್ತಿಲು ದಾಟದೆ ಹೊರಗೇ ನಿಂತ.

“ಅಕ್ಕಾ, ಪಂಚಮಿಗೆ ಕರ್ಯಾಕ ಬರಲಿಲ್ಲ, ತಪ್ಪ ನಂದು. ಬೈಯಬೇಕಿತ್ತು. ಅವ್ವ ಕೈಯಾರೆ ಆರಿಸಿದ ಬೋಗೋಣಿ ತಿರಗಿ ಕಳಸಬಾರದಿತ್ತು.”

ಕಾಶವ್ವ ಬೋಗೋಣಿ ಇಸಿದುಕೊಂಡು ಬಟ್ಟೆ ಬಿಚ್ಚಿದಳು. ಕಂಠದವರೆಗೆ ಹೊಸ ಅಕ್ಕಿ, ಮೇಲೊಂದು ಬೆಲ್ಲದ ಉಂಡೆ.

“ಜಗಳಕ್ಕ ಬಂದಾಂವ ಅಕ್ಕಿ ಯಾಕ ತಂದಿ?”

“ಖಾಲಿ ಹೆಂಗ ತರೂದು?” ಎಂದ ಫಕೀರಪ್ಪ.

ಕಾಶವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಳಗ ಬಾ. ಕಳಿಸಿದಾಕಿ ನಾ ಅಲ್ಲ, ಆ ಕಟ್ಟಿ ಮ್ಯಾಲೆ ನಿಂತಾರ ನೋಡು, ಶಾಣ್ಯಾ ಮಾಸ್ತರು,” ಎಂದು ನನ್ನತ್ತ ಕೈ ಮಾಡಿದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎದೆಯ ಭಾರ ಇಳಿಯಿತು. ಫಕೀರಪ್ಪ ಮಧ್ಯಾಹ್ನದ ಊಟ ಮುಗಿಸಿ, ಪಂಚಮಿಗೆ ತಾನೇ ಬಂದು ಕರೆದೊಯ್ಯುತ್ತೇನೆಂದು ಹೇಳಿ ಹೋದ.

ನಾನು ಅಂದೇ ಕೋಷ್ಟಕವನ್ನು ತಿದ್ದಿದೆ. ಕೊಟ್ಟವರಿಗೆ ಒಂದು ಕಾಲಂ, ಇಟ್ಟುಕೊಂಡವರಿಗೆ ಇನ್ನೊಂದು. ನನ್ನ ತಪ್ಪಿನಿಂದ ಒಳ್ಳೆಯದೇ ಆಯಿತಲ್ಲ ಎಂಬ ಧೈರ್ಯವೂ ಮೆಲ್ಲಗೆ ಬಂದಿತ್ತು. ಕಾಲೇಜಿಗೆ ಒಯ್ಯುವ ನನ್ನ ಸ್ಟೀಲ್ ಡಬ್ಬಿಯಲ್ಲಿ ಶಾಂತಾ ಹನ್ನೆರಡು ಶೇಂಗಾ ಉಂಡೆ ತುಂಬಿ, ತಪ್ಪಾಯಿತೆಂದು ಹೇಳಿ ಕಾಶವ್ವನಿಗೆ ಕೊಟ್ಟುಬಂದಳು. ಮೂರನೆಯ ದಿನ ಕಾಶವ್ವನೇ ಡಬ್ಬಿ ತಂದು, “ಮಾಸ್ತರ, ನಿಮ್ಮ ಡಬ್ಬಿ,” ಎಂದು ನನ್ನ ಕೈಗಿತ್ತು ಹೋದಳು. ತೆರೆದು ನೋಡಿದೆ. ಒಂದು ಕಾಳು ಸಕ್ಕರೆಯೂ ಇರಲಿಲ್ಲ.

“ಇದರಾಗ ಏನೂ ಇಲ್ಲಲಾ?” ಎಂದೆ.

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಖಾಲಿ ಅಂದ್ರ ಸೊನ್ನಿ ಅಲ್ಲಂತ ನೀವ ಹೇಳ್ತಿರ್ತೀರಿ.”

“ಹಂಗಾದ್ರ ಇದರಾಗ ಏನೈತಿ?”

“ನಿಮಗ ಗೊತ್ತಿಲ್ಲಂತ ಅರ್ಥ,” ಎಂದಳು.